ಭೀಮಾಬಾಯಿಯ ಎಡಗೈ

ಭೀಮಾಬಾಯಿ ಎಳೆದ ಶಾವಿಗೆಯನ್ನು ಸೂಜಿಗೆ ಪೋಣಿಸಬಹುದು ಎಂದು ಅಲಖನೂರಿನ ಹೆಂಗಸರು ಹೇಳುತ್ತಿದ್ದರು. ಬೇಸಿಗೆ ಬಂತೆಂದರೆ ಆಕೆ ತನ್ನ ಮನೆಯಲ್ಲಿ ಉಣ್ಣುವುದೇ ಅಪರೂಪ. ಇವತ್ತು ಇವರ ಪಡಸಾಲೆ, ನಾಳೆ ಅವರ ಮಾಳಿಗೆ. ಹೊರಸಿನ ಮಂಚಕ್ಕೆ ಶಾವಿಗೆ ಮಣೆಯನ್ನು ಓರೆಯಾಗಿ ಆನಿಸಿ ಆಕೆ ಅದರ ಮೇಲೆ ಕುಳಿತಳೆಂದರೆ ಸುತ್ತ ಹೆಂಗಸರ ಗುಂಪು ಸೇರುತ್ತಿತ್ತು. ಬಲಗೈ ಹಿಟ್ಟು ಹೊಸೆಯುತ್ತಿತ್ತು, ಎಡಗೈ ಎಳೆ ಹರಿಯದಂತೆ ಜಗ್ಗುತ್ತಿತ್ತು, ಬಾಯಿ ತನ್ನ ಪಾಡಿಗೆ ತಾನು ಊರ ಸುದ್ದಿಯನ್ನು ಎಳೆಯುತ್ತಿತ್ತು. ಯಾರ ಮನೆಯ ಹುಡುಗಿಗೆ ನಿಪ್ಪಾಣಿಯಿಂದ ವರ ಬಂತು, ಯಾರ ಎಮ್ಮೆ ಒದೆಯುತ್ತದೆ, ಯಾರ ಅತ್ತೆ ಸಕ್ಕರೆ ಡಬ್ಬಿಗೆ ಬೀಗ ಹಾಕುತ್ತಾಳೆ, ಎಲ್ಲ ಅಲ್ಲೇ ಗೊತ್ತಾಗಬೇಕು. ಈಗ ಶಾವಿಗೆಗೆ ಯಂತ್ರ ಬಂದಿದೆ ನಿಜ. ಆದರೂ ಮದುವೆಯ ಮನೆಗಳಲ್ಲಿ ಬೀಗರಿಗೆ ಬಡಿಸುವ ಶಾವಿಗೆ ಭೀಮಾಬಾಯಿಯ ಕೈಯದೇ ಆಗಬೇಕಿತ್ತು.

ಆಕೆಗೆ ಮಕ್ಕಳಿರಲಿಲ್ಲ. ಗಂಡ ವಿರುಪಾಕ್ಷಪ್ಪ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮೈದುನನ ಮಗ ಮಲ್ಲೇಶನನ್ನು ತಾಯಿಯಿಲ್ಲದ ಕೂಸೆಂದು ಎದೆಗವಚಿ ಬೆಳೆಸಿದವಳು ಅವಳೇ. ಈಗ ಮಲ್ಲೇಶ ಮತ್ತು ಅವನ ಹೆಂಡತಿ ಶೈಲಾ ಊರ ಹೊರಗಿನ ತೋಟದ ಮನೆಯಲ್ಲಿ ಆಕೆಯನ್ನು ಚೆನ್ನಾಗಿಯೇ ನೋಡಿಕೊಂಡಿದ್ದರು. ಮೂರು ಕಡೆ ಕಬ್ಬು, ಒಂದು ಕಡೆ ಕಾಲುದಾರಿ. ಆ ದಾರಿಯ ಆಚೆ ರಾಜಮತಿಯ ತೋಟ. ರಾಜಮತಿ ಜೈನರ ಮನೆಯ ಸೊಸೆಯಾಗಿ ಬಂದ ದಿನದಿಂದ ಭೀಮಾಬಾಯಿಯ ಗೆಳತಿ. ವಯಸ್ಸಿನಲ್ಲಿ ಚಿಕ್ಕವಳಾದ್ದರಿಂದ ಭೀಮಕ್ಕ ಎನ್ನುತ್ತಿದ್ದಳು.

ಒಂದು ದೀಪಾವಳಿಯ ಹಿಂದುಮುಂದು, ಬೆಳಗಿನ ಚಹಾ ಕುಡಿಯುತ್ತಿದ್ದ ಭೀಮಾಬಾಯಿಯ ಕೈಯಿಂದ ಬಸಿ ಜಾರಿತು. ಚಹಾ ಸೀರೆಯ ಮೇಲೆಲ್ಲ ಚೆಲ್ಲಿದರೂ ಆಕೆ ಅದನ್ನು ನೋಡುತ್ತಾ ಸುಮ್ಮನೆ ಕುಳಿತಿದ್ದಳು. ಶೈಲಾ ಬಂದು ಮುಖ ನೋಡಿದವಳೇ ಕಿರುಚಿದಳು. "ಅತ್ತೀ ಬಾಯಿ ಸೊಟ್ಟ ಆಗೈತಿ! ಲಗೂನ ಗಾಡಿ ತಗೀರಿ!"

ಮಲ್ಲೇಶ ಆಕೆಯನ್ನು ಎತ್ತಿ ಗಾಡಿಯಲ್ಲಿ ಹಾಕಿಕೊಂಡು ಚಿಕ್ಕೋಡಿಯ ಆಸ್ಪತ್ರೆಗೆ ಓಡಿದ. ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದಿತ್ತು. ತಿಂಗಳೊಪ್ಪತ್ತಿನಲ್ಲಿ ಬಾಯಿ ನೆಟ್ಟಗಾಯಿತು, ಮಾತು ಮೊದಲಿನಂತೆ ಬಂತು, ಕಾಲು ಕೊಂಚ ಎಳೆಯುತ್ತಾ ಬಂತು. ಬರದೇ ಉಳಿದದ್ದು ಎಡಗೈ. ಅದು ತೊಡೆಯ ಮೇಲೆ ಬೇರೆಯವರ ಮನೆಯ ಸಾಮಾನಿನಂತೆ ಬಿದ್ದಿರುತ್ತಿತ್ತು. ಎತ್ತು ಎಂದರೆ ಎತ್ತುತ್ತಿರಲಿಲ್ಲ. ಬಹಳ ಹೊತ್ತು ಬೇಡಿಕೊಂಡರೆ ಬೆರಳು ಒಂದಿಷ್ಟು ಮಡಚುತ್ತಿತ್ತು.

ಆ ಬೇಸಿಗೆಯಲ್ಲಿ ಯಾರೂ ಕರೆಯಲು ಬರಲಿಲ್ಲ. ಬರುವುದಿಲ್ಲವೆಂದು ಆಕೆಗೂ ಗೊತ್ತಿತ್ತು. ಆದರೂ ರಾಜಮತಿಯ ಮನೆಯಲ್ಲಿ ಶಾವಿಗೆ ಹಚ್ಚಿದ್ದಾರೆಂದು ಕೇಳಿ ತಾನೇ ಕಾಲೆಳೆದುಕೊಂಡು ಹೋದಳು. ಎಲ್ಲರೂ ಎದ್ದು ನಿಂತರು. ಗೋಡೆಗೆ ಆನಿಕೆಯಾಗಿ ದಿಂಬು ಕೊಟ್ಟು ಕೂರಿಸಿದರು, ಚಹಾ ಕೊಟ್ಟರು. ಹಿಟ್ಟು ಮಾತ್ರ ಯಾರೂ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಕೇಳಿ ಮಣೆಯ ಮೇಲೆ ಕುಳಿತಳು. ಬಲಗೈ ತನ್ನ ಕೆಲಸ ಮರೆತಿರಲಿಲ್ಲ. ಎಳೆ ಎಡಗೈಗೆ ಬಂದ ಕೂಡಲೇ ತುಂಡಾಗಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಮಾಡಿದಳು, ಇನ್ನೊಮ್ಮೆ ಬಿತ್ತು. ಯಾರೋ ಒಬ್ಬಳು, "ಇರಲಿ ಬಿಡ್ರಿ ಆಯಿ, ನೀವು ಕುಂತ ನೋಡ್ರಿ ಸಾಕು," ಎಂದಳು.

ಭೀಮಾಬಾಯಿ ನಗುತ್ತಲೇ ಎದ್ದು ಬಂದಳು. ಅಂದಿನಿಂದ ಆಕೆಯ ಲೋಕ ಮನೆಯ ಮುಂದಿನ ಕಟ್ಟೆಯಷ್ಟಕ್ಕೆ ಬಂದು ನಿಂತಿತು. ಬೆಳಕು ಹರಿದರೆ ಮಲ್ಲೇಶ ಹೊಲಕ್ಕೆ, ಶೈಲಾ ಎಮ್ಮೆಗೆ, ಆಮೇಲೆ ಹಾಲಿನ ಡೇರಿಗೆ, ಆಮೇಲೆ ಅವಳೂ ಹೊಲಕ್ಕೆ. ಊಟ ಮುಚ್ಚಿಟ್ಟು ಹೋಗಿರುತ್ತಿದ್ದರು. ಕಬ್ಬು ಎತ್ತರಕ್ಕೆ ಬೆಳೆದಂತೆಲ್ಲ ದಾರಿ ಕಾಣದಾಯಿತು, ಯಾರಾದರೂ ಹಾದುಹೋದರೆ ಸೈಕಲ್ಲಿನ ಗಂಟೆ ಮಾತ್ರ ಕೇಳುತ್ತಿತ್ತು. ಆಕೆ ನಾಯಿಯೊಂದಿಗೆ, ಎಮ್ಮೆಯ ಕರುವಿನೊಂದಿಗೆ ಮಾತಾಡಲು ಕಲಿತಳು. ಸಂಜೆ ಮಲ್ಲೇಶ ಬಂದು "ಹೆಂಗದಿ ದೊಡ್ಡವ್ವ?" ಎಂದು ಕೇಳಿದಾಗ ಇಡೀ ದಿನ ಕೂಡಿಟ್ಟ ಮಾತೆಲ್ಲ ಒಳಗೇ ಉಳಿದು, "ಆರಾಮ ಅದೀನಪಾ," ಎಂದಷ್ಟೇ ಹೊರಬೀಳುತ್ತಿತ್ತು.

ಲಕ್ವಾ ಹೊಡೆದು ವರ್ಷದ ಮೇಲಾಗಿತ್ತು. ಎಳ್ಳಮಾಸಿ, ಎಳ್ಳು ಅಮಾವಾಸ್ಯೆ, ಬಂತು. ಆ ದಿನ ಹೊಲಕ್ಕೆ ಎಡೆಯ ಅನ್ನದ ಚರಗ ಚೆಲ್ಲಿ, ಅಲ್ಲೇ ಎಲ್ಲರೂ ಕೂಡಿ ಉಣ್ಣುವ ಪದ್ಧತಿ. ಮಲ್ಲೇಶ ಆಕೆಯನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಬನ್ನಿಗಿಡದ ನೆರಳಲ್ಲಿ ಕೂರಿಸಿದ. ಪಕ್ಕದ ಹೊಲದವರು ಬಂದಿದ್ದರು. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ ಮಾಳು ಎಂಬ ಕುರುಬನೂ ಬಂದಿದ್ದ. ಸಜ್ಜೆಯ ಕಡುಬು, ಪುಂಡಿಪಲ್ಯೆ, ಶೇಂಗಾ ಹೋಳಿಗೆ. ಬಹಳ ದಿನಗಳ ಮೇಲೆ ಜನರ ನಡುವೆ ಕುಳಿತ ಭೀಮಾಬಾಯಿಗೆ ಊಟಕ್ಕಿಂತ ಮಾತಿನ ಹಸಿವೆಯೇ ಹೆಚ್ಚಾಗಿತ್ತು. ಏನೋ ಹೇಳಲು ಬಾಯಿ ತೆರೆದಳು. ಆಗ ಎಡಗೈಯ ಹೆಬ್ಬೆರಳಿಗೆ ಇರುವೆ ಕಚ್ಚಿದಂತಾಯಿತು.

ನೋಡಿದಳು. ಇರುವೆ ಇರಲಿಲ್ಲ. ಹೆಬ್ಬೆರಳು ಮಿಡಿಯುತ್ತಿತ್ತು. ಮಿಡಿತ ಬೆರಳಿನಿಂದ ಬೆರಳಿಗೆ ಹಾರಿ ಅಂಗೈಗೆ, ಮೊಣಕೈಗೆ ಏರಿತು. ವರ್ಷದಿಂದ ಸತ್ತು ಬಿದ್ದಿದ್ದ ಕೈ ತಾನಾಗಿ ಎದ್ದು ಎಲ್ಲರ ಮುಂದೆ ಗಾಳಿಯಲ್ಲಿ ಕುಣಿಯತೊಡಗಿತು. ಕುತ್ತಿಗೆ ಎಡಕ್ಕೆ ಹೊರಳಿತು, ಬಾಯಿಯ ಎಡಗಡೆ ಸೆಳೆಯಿತು, ಗಂಟಲಿನಿಂದ ಆಕೆಯದಲ್ಲದ ಒಂದು ದನಿ ಬಂತು. ಅಷ್ಟೂ ಹೊತ್ತು ಭೀಮಾಬಾಯಿಗೆ ಎಚ್ಚರವಿತ್ತು. ಎಲ್ಲರೂ ಕಾಣುತ್ತಿದ್ದರು, ಆದರೆ ದೂರದಲ್ಲಿ, ಹೊಳೆಯ ಆಚೆ ದಂಡೆಯಲ್ಲಿ ನಿಂತವರಂತೆ.

ಮಾಳು ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದ. "ಅವ್ವ ಬಂದಾಳ್ರಿ! ಚಿಂಚಲಿ ಮಾಯಕ್ಕ ಬಂದಾಳ! ಸತ್ತ ಕೈ ತಾನ ಎದ್ದೈತಿ ನೋಡ್ರಿ!" ಎಂದು ಕೂಗಿ, ಸೊಂಟದ ಚೀಲದಿಂದ ಭಂಡಾರದ ಅರಿಶಿನ ತೆಗೆದು ಆಕೆಯ ಹಣೆಗೆ ಬಳಿದು ಉದ್ದಕ್ಕೆ ಬಿದ್ದು ನಮಸ್ಕರಿಸಿದ.

ಮಿಡಿತ ನಿಂತಿತು. ಕೈ ಜೋತುಬಿತ್ತು, ಮೊದಲಿಗಿಂತಲೂ ಸತ್ತಂತೆ. ಭೀಮಾಬಾಯಿಗೆ ತಡೆಯಲಾರದ ನಿದ್ದೆ ಬಂತು. ಎಚ್ಚರವಾದಾಗ ಮನೆಯ ಪಡಸಾಲೆಯಲ್ಲಿದ್ದಳು. ಸುತ್ತ ಹೆಂಗಸರು ತುಂಬಿದ್ದರು. ಒಬ್ಬಳು ಕಾಲು ಒತ್ತುತ್ತಿದ್ದಳು, ಒಬ್ಬಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಶಾವಿಗೆಯ ಮನೆಗಳಲ್ಲಿ ಹಿಂದೆ ಕಂಡ ಮುಖಗಳೇ.

"ಏನ ಹೇಳಿದಳ ಯವ್ವಾ, ಮಾಯಕ್ಕ?" ಎಂದು ಒಬ್ಬಳು ಮೆಲ್ಲಗೆ ಕೇಳಿದಳು.

ಭೀಮಾಬಾಯಿ ಎಲ್ಲರ ಮುಖ ನೋಡಿದಳು. ಆಕೆಗೆ ಯಾವ ದೇವಿಯೂ ಕಂಡಿರಲಿಲ್ಲ, ಯಾವ ಮಾತೂ ಕೇಳಿಸಿರಲಿಲ್ಲ. ಇದ್ದದ್ದು ಅಂಜಿಕೆ ಒಂದೇ. ಆದರೆ ಕಾಲಿನ ಮೇಲೆ ಬೇರೊಬ್ಬರ ಕೈ ಬೆಚ್ಚಗಿತ್ತು. ಆಕೆ ಏನೂ ಹೇಳಲಿಲ್ಲ, ಕಣ್ಣು ಮುಚ್ಚಿಕೊಂಡಳು. ಆ ಮೌನವನ್ನು ಜನ ತಮಗೆ ಬೇಕಾದಂತೆ ತಿಳಿದುಕೊಂಡರು.

ಕೆಲವು ದಿನಗಳಲ್ಲಿ ಮತ್ತೊಮ್ಮೆ ಬಂತು, ಆಮೇಲೆ ಇನ್ನೊಮ್ಮೆ. ಸುದ್ದಿ ಹಬ್ಬಲು ಅಷ್ಟು ಸಾಕಾಗಿತ್ತು. ಮಂಗಳವಾರ, ಶುಕ್ರವಾರ ಕಾಲುದಾರಿಯಲ್ಲಿ ಮೋಟರ್‌ಸೈಕಲ್ಲುಗಳು ನಿಲ್ಲತೊಡಗಿದವು. ಕೈ ಎದ್ದೇ ಏಳಬೇಕೆಂದೇನೂ ಇರಲಿಲ್ಲ, ಜನ ಕಾದು ಕುಳಿತಿರುತ್ತಿದ್ದರು. ಮಗಳಿಗೆ ಮಕ್ಕಳಾಗಿಲ್ಲ ಎನ್ನುವವರು, ಬಾವಿಗೆ ನೀರು ಬಿದ್ದಿಲ್ಲ ಎನ್ನುವವರು. "ಚಲೋ ಆಗತೈತಿ, ಹೋಗವ," ಎಂದಷ್ಟೇ ಭೀಮಾಬಾಯಿ ಎನ್ನುತ್ತಿದ್ದಳು. ಹೆಂಗಸರು ಆಕೆಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದರು, ಗಡಿಗೆಯಲ್ಲಿ ಕೆನೆಮೊಸರು ತರುತ್ತಿದ್ದರು. ಊರ ಸುದ್ದಿ ಮತ್ತೆ ಆಕೆಯ ಕಿವಿಗೆ ಬೀಳತೊಡಗಿತು. ಮುಂಜಾನೆ ಎದ್ದ ಕೂಡಲೇ ಇವತ್ತು ಯಾರು ಬರುತ್ತಾರೆ ಎಂದು ಯೋಚಿಸುವ ಸುಖ ಮರಳಿತ್ತು. ಕೈ ಎದ್ದ ದಿನ ಮಾತ್ರ ರಾತ್ರಿಯವರೆಗೂ ಅದು ಹಸಿ ಬಟ್ಟೆಯಂತೆ ಜೋತಿರುತ್ತಿತ್ತು, ತಲೆ ಮಂಜಾಗಿರುತ್ತಿತ್ತು. ಅದನ್ನು ಆಕೆ ಯಾರಿಗೂ ಹೇಳಲಿಲ್ಲ.

ನಂಬದೇ ಉಳಿದವಳು ರಾಜಮತಿ ಒಬ್ಬಳೇ. ಜನ ಇಲ್ಲದ ಒಂದು ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕುಳಿತಳು.

"ಭೀಮಕ್ಕಾ, ಖರೇ ಹೇಳ. ಅದು ಬರೂ ಮುಂದ ನಿನಗ ಏನ ಅನಸತೈತಿ?"

"ಹೆಬ್ಬಟ್ಟಿಗೆ ಇರಿವಿ ಕಡದಂಗ ಆಗತೈತಿ. ಆಮ್ಯಾಲ ಕೈ ನನ್ನ ಮಾತ ಕೇಳೂದಿಲ್ಲ."

"ದೇವಿ?"

ಭೀಮಾಬಾಯಿ ಸೆರಗಿನ ಅಂಚು ಸರಿಮಾಡಿಕೊಂಡಳು. "ದೇವಿ ಹೆಂಗ ಬರತಾಳ ಅಂತ ನನಗೇನ ಗೊತ್ತ? ಹಿಂದ ಎಂದೂ ಬಂದಿಲ್ಲಲ್ಲ."

"ದವಾಖಾನಿಗೆ ಹೋಗೂಣ. ನಾನೂ ಬರತೇನಿ ನಡಿ."

"ಮುಂದಿನ ವಾರ ನೋಡೂಣ," ಎಂದಳು ಭೀಮಾಬಾಯಿ. ರಾಜಮತಿ ಮಲ್ಲೇಶನಿಗೂ ಹೇಳಿದಳು. ಅವನಿಗೂ ಒಳಗೊಳಗೆ ಅನುಮಾನವಿತ್ತು. ಆದರೆ ಶೈಲಾ, "ವರ್ಷಗಟ್ಟಲೆ ಮಾರಿ ಬಾಡಿಸ್ಕೊಂಡ ಕುಂತಿದ್ರು, ಈಗ ನಗಾಕತ್ತಾರ. ಸುಮ್ನಿರ್ರಿ," ಎಂದಳು. ಅದರಲ್ಲಿ ಕಪಟವೇನೂ ಇರಲಿಲ್ಲ. ಮುಂದಿನ ವಾರ ಅದರ ಮುಂದಿನ ವಾರಕ್ಕೆ ಹೋಯಿತು.

ಶಿವರಾತ್ರಿ ಕಳೆದ ಒಂದು ಶುಕ್ರವಾರ ಅಂಗಳ ತುಂಬಿತ್ತು. ಬಿಸಿಲು ಏರುತ್ತಿತ್ತು. ಭೀಮಾಬಾಯಿಯ ಮುಂದೆ ಕೆಂಡದ ಬಟ್ಟಲಿಟ್ಟು ಲೋಬಾನ ಹಾಕಿದ್ದರು. ಹೆಬ್ಬೆರಳಿಗೆ ಇರುವೆ ಕಚ್ಚಿದಂತಾಯಿತು, ಕೈ ಎದ್ದಿತು, ಜನ ಕೈ ಮುಗಿದರು. ಆದರೆ ಈ ಸಲ ಮಿಡಿತ ಭುಜದಲ್ಲಿ ನಿಲ್ಲಲಿಲ್ಲ. ಒಮ್ಮೆಲೇ ಇಡೀ ಮೈ ಕೊರಡಾಗಿ ಆಕೆ ಕಟ್ಟೆಯಿಂದ ಕೆಳಗೆ ಉರುಳಿದಳು. ಕೈಕಾಲೆಲ್ಲ ನೆಲಕ್ಕೆ ಬಡಿಯತೊಡಗಿದವು. ಬಾಯಿಂದ ರಕ್ತದ ನೊರೆ ಬಂತು. ಸೀರೆ ಒದ್ದೆಯಾಯಿತು. ಉರುಳಿದ ಬಟ್ಟಲಿನ ಕೆಂಡದ ಮೇಲೆ ಎಡಗೈ ಬಿದ್ದಿತ್ತು.

"ಯಾರೂ ಮುಟ್ಟಬ್ಯಾಡ್ರಿ! ಅವ್ವ ಸಿಟ್ಟಾಗ್ಯಾಳ!" ಎಂದು ಮಾಳು ಕೂಗಿದ.

ಯಾರೂ ಮುಟ್ಟಲಿಲ್ಲ. ತಲೆ ಬಾಚಿದವರು, ಕಾಲು ಒತ್ತಿದವರು ಎಲ್ಲರೂ ಸುತ್ತ ನಿಂತು, ಕೈ ಮುಗಿದು, ಹಿಂದೆ ಹಿಂದೆ ಸರಿದರು. ಶೈಲಾ ಕೂಡ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಸುಟ್ಟ ವಾಸನೆ ಬಂತು. ಕೂಗಾಟ ಕೇಳಿ ತನ್ನ ತೋಟದಿಂದ ಓಡಿ ಬಂದ ರಾಜಮತಿ ಜನರನ್ನು ನೂಕಿ ಒಳಗೆ ನುಗ್ಗಿ, ಆ ಕೈಯನ್ನು ಕೆಂಡದಿಂದ ಎಳೆದು, ಆಕೆಯ ತಲೆಯನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

"ಕೈ ಸುಡಾಕತ್ತಿತ್ತಲ್ಲ, ನಿಮಗ ಕಣ್ಣ ಇಲ್ಲೇನ್ರೇ?" ಎಂದು ಚೀರಿದಳು.

ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಭೀಮಾಬಾಯಿಯ ಕೈಗೆ ಪಟ್ಟಿ ಸುತ್ತಿದರು, ತಲೆಯ ಸ್ಕ್ಯಾನ್ ಮಾಡಿದರು. ಮೆದುಳಿನ ಡಾಕ್ಟರ್ ಅಭಿನಂದನ ಅಥಣಿಯ ಕಡೆಯವನು. ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, ಹಿಂದಿನದನ್ನೆಲ್ಲ ಕೇಳಿ, ಆಕೆಗೇ ಹೇಳುವಂತೆ ಹೇಳಿದ.

"ನೋಡ್ರಿ ಆಯಿ, ಅವತ್ತ ಲಕ್ವಾ ಹೊಡದಾಗ ಮೆದುಳಿನ್ಯಾಗ ಒಂದ ಜಾಗಾಕ್ಕ ರಕ್ತ ಹೋಗಲಿಲ್ಲ. ಗಾಯ ಮಾಯ್ತು, ಆದ್ರ ಅಲ್ಲಿ ಗಾಯದ ಕಲಿ ಉಳದೈತಿ. ಆ ಕಲಿ ಸುತ್ತಮುತ್ತ ಒಮ್ಮೊಮ್ಮೆ ಕರೆಂಟ್ ದಾರಿ ತಪ್ಪತೈತಿ. ಅದು ಎಡಗೈ ಆಡಸೂ ಜಾಗಾ, ಅದಕ್ಕ ಎಡಗೈನ ಮೊದಲ ಕುಣೀತೈತಿ. ಇದಕ್ಕ ಫಿಟ್ಸ್ ಅಂತಾರ."

"ಲಕ್ವಾ ಹೊಡದು ವರ್ಷ ಆದಮ್ಯಾಲ ಬಂತಲ್ರೀ ಸಾಹೇಬ್ರ?" ಎಂದು ಮಲ್ಲೇಶ ಕೇಳಿದ.

"ಕೆಲವ್ರಿಗೆ ಅದ ವಾರದಾಗ ಬರತೈತಿ, ಕೆಲವ್ರಿಗೆ ವರ್ಷ ಎರಡ ವರ್ಷದ ಮ್ಯಾಲ. ವಯಸ್ಸಾದವ್ರಿಗೆ ಹೊಸದಾಗಿ ಫಿಟ್ಸ್ ಬಂದ್ರ ನಾವು ಮೊದಲ ಕೇಳೂದ ಇದು, ಹಿಂದ ಲಕ್ವಾ ಆಗಿತ್ತೇನು ಅಂತ. ಬಂದ ಹೋದ ಮ್ಯಾಲ ಕೈ ಜೋತ ಬೀಳತೈತಲ್ಲ, ಅದು ಹೊಸಾ ಲಕ್ವಾ ಅಲ್ಲ, ದಣದ ಕೈ. ಹಂಗಂತ ನೀವ ಮನ್ಯಾಗ ಕುಂತ ನಿರ್ಧಾರ ಮಾಡಬ್ಯಾಡ್ರಿ, ಇಲ್ಲಿ ಕರಕೊಂಡ ಬರ್ರಿ. ಬಿ.ಪಿ. ಗುಳಿಗಿ ಬಿಡಂಗಿಲ್ಲ, ಈ ಗುಳಿಗಿನೂ ಬಿಡಂಗಿಲ್ಲ. ನಡುವ ಬಿಟ್ರ ಮೊದಲಿಗಿಂತ ಜೋರಾಗಿ ಬರತೈತಿ."

ಬಂದಾಗ ಮಗ್ಗುಲಿಗೆ ಮಲಗಿಸಬೇಕು, ಬಾಯಲ್ಲಿ ಚಮಚ ಗಿಮಚ ತುರುಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ಐದು ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು ಎಂದು ಶೈಲಾಳಿಗೆ ತಿಳಿಸಿದ. ಒಲೆಯ ಹತ್ತಿರ, ಬಾವಿಯ ಹತ್ತಿರ ಒಬ್ಬಳನ್ನೇ ಬಿಡಬೇಡಿ ಎಂದ.

ಭೀಮಾಬಾಯಿ, ಕಚ್ಚಿದ ನಾಲಗೆಯ ನೋವಿನಲ್ಲೇ ಕೇಳಿದಳು. "ಅಂದ್ರ ಆಕಿ ಬಂದಿದ್ದಿಲ್ಲಂತೀರೇನ್ರಿ?"

ಡಾಕ್ಟರ್ ಸ್ಕ್ಯಾನಿನ ಚಿತ್ರವನ್ನು ಆಕೆಯ ಕಡೆ ತಿರುಗಿಸಿದ. "ದೇವಿ ವಿಚಾರ ನನಗ ತಿಳಿಯಂಗಿಲ್ಲ ಆಯಿ. ನಾ ಕಂಡಿದ್ದು ಕಲಿ ಅಷ್ಟ."

ಮನೆಗೆ ಬಂದ ಮೇಲೆ ಮಲ್ಲೇಶ ಕಾಲುದಾರಿಯಲ್ಲಿ ನಿಂತು ಬಂದವರಿಗೆಲ್ಲ ವಿಷಯ ತಿಳಿಸಿದ. ಅವನ ಮಾತು ನಂಬಿದವರು ಬೇಸರದಿಂದ, ನಂಬದವರು ಸಿಟ್ಟಿನಿಂದ ತಿರುಗಿ ಹೋದರು. ಮಾಳು, ಗುಳಿಗೆ ತಿನ್ನಿಸಿ ಅವ್ವನನ್ನು ಓಡಿಸಿದರೆಂದು ಹೇಳಿ ಕುರಿ ಹೊಡೆದುಕೊಂಡು ಬೇರೆ ಊರಿನ ಹೊಲಕ್ಕೆ ಹೋದ. ಗುಳಿಗೆ ಕೆಲಸ ಮಾಡಿತು. ಹೆಬ್ಬೆರಳಿಗೆ ಇರುವೆ ಕಚ್ಚಲಿಲ್ಲ. ಮಂಗಳವಾರ ಬಂತು, ಶುಕ್ರವಾರ ಬಂತು, ಮೋಟರ್‌ಸೈಕಲ್ಲು ಬರಲಿಲ್ಲ. ಮೊದಲು ಬರುತ್ತಿದ್ದ ಹೆಂಗಸರಲ್ಲಿ ಒಬ್ಬಳು ಡೇರಿಯಲ್ಲಿ ಶೈಲಾಳನ್ನು ಕೇಳಿದಳಂತೆ, "ಮೂರ್ಛಾರೋಗ ಅಂತಲ್ಲ, ಉಸರಿಗಿ ಉಸರ ಹತ್ತಿದ್ರ ಬರತೈತೇನ?" ಹಾಗೆಲ್ಲ ಬರುವುದಿಲ್ಲ ಎಂದು ಶೈಲಾ ಹೇಳಿದರೂ ಆಕೆ ಹೂಂ ಎಂದು ದೂರ ಸರಿದು ನಿಂತಳಂತೆ. ಭೀಮಾಬಾಯಿಗೆ ಇದನ್ನು ಶೈಲಾ ಹೇಳಬಾರದಿತ್ತು, ಮಾತಿನ ಓಘದಲ್ಲಿ ಹೇಳಿಬಿಟ್ಟಳು.

ಈಗಿನ ಒಂಟಿತನ ಮೊದಲಿನದಕ್ಕಿಂತ ಕಠಿಣವಾಗಿತ್ತು. ಮೊದಲು ಜನ ಆಕೆಯನ್ನು ಮರೆತಿದ್ದರು. ಈಗ ನೆನಪಿಟ್ಟುಕೊಂಡೇ ಬರುತ್ತಿರಲಿಲ್ಲ. ಹತ್ತಿರದವರ ಮದುವೆಗೆ ಶೈಲಾ ಮಲ್ಲೇಶ ಹೊರಟಾಗ, "ನೀವು ಗದ್ದಲದಾಗ ಬ್ಯಾಡ್ರಿ ಅತ್ತಿ, ತ್ರಾಸ ಆಗತೈತಿ," ಎಂದಳು ಶೈಲಾ. ಆಕೆಯ ಒಳಿತಿಗೆಂದೇ ಹೇಳಿದ್ದಳು. ರಾಜಮತಿ ಕೂಡ ಮಗಳ ಬಾಣಂತನಕ್ಕೆಂದು ಗಡಿಯಾಚೆ ಸಾಂಗಲಿಗೆ ಹೋಗಿದ್ದಳು.

ಒಂದು ಮುಂಜಾನೆ ಭೀಮಾಬಾಯಿ ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು, ಆಮೇಲೆ ದನದ ಕೊಟ್ಟಿಗೆಯ ಹಿಂದೆ ಎಸೆದಳು. ಏಕೆ ಹಾಗೆ ಮಾಡಿದೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ. ಮರುದಿನವೂ ಹಾಗೆಯೇ ಮಾಡಿದಳು, ಅದರ ಮರುದಿನವೂ. ಹೆಬ್ಬೆರಳನ್ನು ನೋಡುತ್ತಾ ಕುಳಿತಳು, ದಾರಿ ನೋಡುವವರಂತೆ.

ಬಂತು. ಆದರೆ ಅಂಗಳದಲ್ಲಿ ಬರಲಿಲ್ಲ. ಸಂಜೆಯ ಹೊತ್ತು ಕರು ಕಬ್ಬಿನೊಳಗೆ ನುಗ್ಗಿತೆಂದು ಅದನ್ನು ಹುಡುಕುತ್ತಾ ಬದುವಿನ ಮೇಲೆ ಹೋಗಿದ್ದಳು. ಹೆಬ್ಬೆರಳಿಗೆ ಇರುವೆ ಕಚ್ಚಿದಂತಾಯಿತು. "ಶೈಲಾ" ಎಂದು ಕೂಗಬೇಕೆನ್ನುವಷ್ಟರಲ್ಲಿ ಬಾಯಿ ಸೆಳೆಯಿತು. ಆಮೇಲೆ ಏನೂ ಇಲ್ಲ.

ಎಚ್ಚರವಾದಾಗ ಮುಖದ ಅರ್ಧ ಕೆಸರಿನಲ್ಲಿತ್ತು. ಹೊಲಕ್ಕೆ ನೀರು ಬಿಟ್ಟಿದ್ದರು. ಕಾಲುವೆಯ ನೀರು ತುಟಿಯ ಅಂಚಿನಲ್ಲಿ ಹರಿಯುತ್ತಿತ್ತು, ಒಂದು ಗೇಣು ಆಚೆ ಬಿದ್ದಿದ್ದರೆ ಮೂಗು ಮುಳುಗುತ್ತಿತ್ತು. ಕಬ್ಬಿನ ಗರಿ ಕೆನ್ನೆಯನ್ನು ಕೊಯ್ದಿತ್ತು. ಎಲ್ಲೋ ಟ್ರ್ಯಾಕ್ಟರಿನಲ್ಲಿ ಮರಾಠಿ ಹಾಡು ಹಾಕಿಕೊಂಡು ಯಾರೋ ಹೋಗುತ್ತಿದ್ದರು, ಹಾಡು ಹತ್ತಿರ ಬಂತು, ದೂರವಾಯಿತು. ಆಕೆ ಕೂಗಿದಳು. ತನ್ನ ದನಿ ತನಗೇ ಸರಿಯಾಗಿ ಕೇಳಲಿಲ್ಲ. ಕರು ಬಂದು ಪಕ್ಕದಲ್ಲಿ ನಿಂತು ಕಬ್ಬಿನ ಸೋಗೆ ಮೇಯುತ್ತಿತ್ತು.

ಅಲ್ಲಿ ಬಿದ್ದುಕೊಂಡು ಭೀಮಾಬಾಯಿ ಅತ್ತಳು. ಲಕ್ವಾ ಹೊಡೆದಾಗಲೂ ಆಕೆ ಹಾಗೆ ಅತ್ತಿರಲಿಲ್ಲ. ಜನ ತುಂಬಿದ ಅಂಗಳದಲ್ಲಿ ಬಿದ್ದಾಗಲೂ ತಾನು ಹೀಗೆಯೇ ಇದ್ದೆನಲ್ಲ, ಸುತ್ತ ಅಷ್ಟು ಕಾಲುಗಳಿದ್ದರೂ ಕೈ ಸುಟ್ಟಿತಲ್ಲ ಎಂಬುದು ಆಗ ಸ್ಪಷ್ಟವಾಗಿ ಕಂಡಿತು. ಅದು ಬಂದಾಗ ಒಳಗೆ ಯಾರೂ ಜೊತೆಗೆ ಬರುವುದಿಲ್ಲ. ದೇವಿಯೂ ಬಂದಿರಲಿಲ್ಲ, ಜನರೂ ಬಂದಿರಲಿಲ್ಲ.

ಕೆಸರು ಮೆತ್ತಿದ ಸೀರೆಯಲ್ಲೇ ಮೊಣಕೈಯೂರಿ ಎದ್ದು, ಬದು ಹಿಡಿದು ಮನೆ ಸೇರಿದಳು. ಡೇರಿಯಿಂದ ಆಗಷ್ಟೇ ಬಂದ ಶೈಲಾ ಹೌಹಾರಿ ಕೊಡ ಕೆಳಗಿಟ್ಟಳು. "ಅಯ್ಯ ಯವ್ವಾ, ಏನಾತ್ರಿ ಅತ್ತಿ?"

"ಗುಳಿಗಿ ತಗೊಂಡಿದ್ದಿಲ್ಲ," ಎಂದಳು ಭೀಮಾಬಾಯಿ. "ನೀ ನಿಂತ ಕೊಡವ, ಇನ್ನಮ್ಯಾಲ. ನನ್ನ ನಂಬಬ್ಯಾಡ."

ಶೈಲಾ ಬೈಯಲಿಲ್ಲ. ಬಿಸಿನೀರು ಕಾಯಿಸಿ ಆಕೆಯ ಕಾಲಿನ ಕೆಸರು ತೊಳೆದಳು. ಮರುದಿನ ಮಲ್ಲೇಶ ಮತ್ತೆ ಚಿಕ್ಕೋಡಿಗೆ ಕರೆದೊಯ್ದ. ಡಾಕ್ಟರ್ ಗುಳಿಗೆಯ ಪ್ರಮಾಣ ಸ್ವಲ್ಪ ಬದಲಿಸಿದ. ಅಂದಿನಿಂದ ಶೈಲಾ ಮುಂಜಾನೆ ಎಮ್ಮೆ ಹಿಂಡುವ ಮೊದಲು, ಸಂಜೆ ಮನೆಗೆ ಬಂದ ಮೇಲೆ, ನೀರಿನ ತಂಬಿಗೆ ಹಿಡಿದು ನಿಲ್ಲುತ್ತಾಳೆ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಿ ಎನ್ನುತ್ತಾಳೆ. ಇಬ್ಬರೂ ಸ್ವಲ್ಪ ನಗುತ್ತಾರೆ. ಆಮೇಲೆ ಶೈಲಾ ಹೋಗುತ್ತಾಳೆ, ದಿನ ಉದ್ದವಾಗುತ್ತದೆ.

ಅದಾಗಿ ವರ್ಷದ ಮೇಲಾಯಿತು. ಕೈ ಮತ್ತೆ ಎದ್ದಿಲ್ಲ. ರಾಜಮತಿ ಸಾಂಗಲಿಯಿಂದ ಬಂದವಳು ಅಲ್ಲಿಗೂ ಇಲ್ಲಿಗೂ ಓಡಾಡುತ್ತಾಳೆ, ಇದ್ದಾಗ ಒಂದು ಗಳಿಗೆ ಬಂದು ಕೂರುತ್ತಾಳೆ. ಉಳಿದಂತೆ ಕಬ್ಬು ಬೆಳೆಯುತ್ತದೆ, ಕಡಿಯುತ್ತಾರೆ, ಕೂಳೆ ಮತ್ತೆ ಚಿಗುರುತ್ತದೆ.

ಮೊನ್ನೆ ಒಂದು ಮಂಗಳವಾರ, ಬಹಳ ದಿನಗಳ ಮೇಲೆ, ಕಾಲುದಾರಿಯಲ್ಲಿ ಒಬ್ಬ ಹೆಣ್ಣುಮಗಳು ನಡೆದು ಬಂದಳು. ಜೊತೆಗೆ ಒಬ್ಬ ಮುದುಕ, ಅವಳ ಮಾವ. ಅವನ ಬಲಗಾಲು ಎಳೆಯುತ್ತಿತ್ತು, ಬಲಗೈ ಹೊಟ್ಟೆಗೆ ಅಂಟಿಕೊಂಡಿತ್ತು. ಕೃಷ್ಣೆಯ ದಂಡೆಯ ಜುಗೂಳದಿಂದ, ಬಸ್ಸು ಬದಲಿಸಿ ಬದಲಿಸಿ ಬಂದಿದ್ದರು. ಇಲ್ಲಿ ಮಾಯಕ್ಕ ಮೈಮೇಲೆ ಬರುತ್ತಾಳೆಂಬ ಸುದ್ದಿ ಅವರ ಊರಿಗೆ ಮುಟ್ಟುವುದು ತಡವಾಗಿತ್ತು. ನಿಂತುಹೋದ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅವಳು ತೆಂಗಿನಕಾಯಿ, ಭಂಡಾರ ಮುಂದಿಟ್ಟು ಕಾಲಿಗೆರಗಿದಳು. "ಮಾವಗ ಹೋದ ವರ್ಷ ಲಕ್ವಾ ಹೊಡದಿತ್ರಿ ಯವ್ವಾ. ಈಗ ಒಮ್ಮೊಮ್ಮೆ ಕೈ ತಾನ ಕುಣೀತೈತಿ, ಬಾಯಿ ಸೆಳೀತೈತಿ. ಗಾಳಿ ಅಂತಾರ. ನೀವ ಏನಾರ ಕೊಡ್ರಿ."

ಭೀಮಾಬಾಯಿ ಮುದುಕನ ಮುಖ ನೋಡಿದಳು. ಮಾತು ಪೂರ್ತಿ ಹೋಗಿತ್ತು, ಕಣ್ಣು ಮಾತ್ರ ಇತ್ತು. ಆ ಕಣ್ಣಿನಲ್ಲಿರುವುದು ಏನೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

"ನನ್ನ ಹಂತ್ಯಾಕ ಕೊಡೂದು ಏನೂ ಇಲ್ಲವ," ಎಂದಳು. "ಗಾಳಿನೂ ಅಲ್ಲ, ದೇವರೂ ಅಲ್ಲ. ನನಗೂ ಹಿಂಗ ಆಗಿತ್ತು. ಲಕ್ವಾ ಹೊಡದ ಜಾಗಾದಾಗ ತಲಿಯೊಳಗ ಕಲಿ ಬೀಳತೈತಿ, ಅದರಿಂದ ಫಿಟ್ಸ್ ಬರತಾವಂತ. ಗುಳಿಗಿ ಐತಿ. ಇವತ್ತ ಚಿಕ್ಕೋಡಿಗೆ ಕರಕೊಂಡ ಹೋಗ. ಊರ ಕಡೆ ತಿರಗಬ್ಯಾಡ."

ಹೆಣ್ಣುಮಗಳ ಮುಖ ಇಳಿಯಿತು. ಇಷ್ಟು ದೂರ ಬಂದದ್ದು ಇದಕ್ಕೇನು ಎಂಬಂತೆ ತೆಂಗಿನಕಾಯಿಯ ಕಡೆ ನೋಡಿದಳು. ಭೀಮಾಬಾಯಿ ಕೇಳಿದಳು. "ಅದು ಬಂದಾಗ ನೀವೆಲ್ಲಾ ಏನ ಮಾಡತೀರಿ?"

"ಅಂಜಿಕಿ ಬರತೈತ್ರಿ. ಇವರನ್ನ ಒಳಗ ಬಿಟ್ಟ, ಬಾಗಲಾ ಮುಂದ ಮಾಡಿ, ಅದು ನಿಂದ್ರೂತನಾ ಹುಡುಗೂರನ್ನ ಕರಕೊಂಡ ಹೊರಗ ಕುಂದರತೇವಿ."

"ಹಂಗ ಮಾಡಬ್ಯಾಡ." ಭೀಮಾಬಾಯಿಯ ದನಿ ತನಗೇ ತಿಳಿಯದೆ ಏರಿತ್ತು. "ಮಗ್ಗಲಕ ಹೊಳ್ಳಿಸಿ ಮಲಗಸ. ತಲಿ ಕೆಳಗ ಅರಬಿ ಇಡು. ಬಾಯಾಗ ಏನೂ ಹಾಕಬ್ಯಾಡ, ಅದುಮಿ ಹಿಡೀಬ್ಯಾಡ. ಸುಮ್ಮ ಭುಜದ ಮ್ಯಾಲ ಕೈ ಇಟಗೊಂಡ ಕುಂದರ. ಅವಗ ತಿಳೀತೈತಿ. ಒಮ್ಮೊಮ್ಮೆ ಎಲ್ಲಾ ತಿಳೀತಿರತೈತವ, ಹೇಳಾಕ ಬರೂದಿಲ್ಲ ಅಷ್ಟ. ಒಳಗ ಒಬ್ಬನ ಇರತಾನ."

ಮುದುಕ ಎಡಗೈ ಚಾಚಿ ಭೀಮಾಬಾಯಿಯ ಸುಟ್ಟ ಕಲೆಯ ಕೈಯನ್ನು ಮುಟ್ಟಿದ. ಏನೋ ಹೇಳಲು ನೋಡಿದ, ಗಂಟಲಿನಲ್ಲಿ ಸದ್ದಷ್ಟೇ ಬಂತು. ಸೊಸೆ ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭೀಮಾಬಾಯಿ ಅವರಿಗೆ ಮಜ್ಜಿಗೆ ಕೊಟ್ಟಳು. ಆಸ್ಪತ್ರೆಯ ದಾರಿ, ಡಾಕ್ಟರನ ಹೆಸರು ಹೇಳಿಕೊಟ್ಟಳು. ತೆಂಗಿನಕಾಯಿಯನ್ನು ಅವಳ ಚೀಲಕ್ಕೇ ಮರಳಿ ಹಾಕಿದಳು. ಆಮೇಲೆ ರಸ್ತೆಯವರೆಗೆ ತಾನೂ ಕಾಲೆಳೆಯುತ್ತಾ ಹೋದಳು. ಒಂದು ಕಾಲು ಎಳೆಯುವವರಿಬ್ಬರು ಜೊತೆಯಾಗಿ ನಡೆದದ್ದರಿಂದ ಹೊತ್ತು ಬಹಳ ಹಿಡಿಯಿತು. ಅದಕ್ಕೆ ಆಕೆಗೆ ಬೇಸರವಾಗಲಿಲ್ಲ. ಚಿಕ್ಕೋಡಿಯ ಬಸ್ಸು ಬಂತು. ಹೆಣ್ಣುಮಗಳು ಮಾವನನ್ನು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಅವನ ಭುಜದ ಮೇಲೆ ಕೈ ಇಟ್ಟುಕೊಂಡು ಕುಳಿತಳು.

ಬಸ್ಸು ಹೋಯಿತು. ಧೂಳು ಇಳಿಯುವವರೆಗೆ ಭೀಮಾಬಾಯಿ ಅಲ್ಲೇ ನಿಂತಿದ್ದಳು. ಮುದುಕನ ಹೆಸರು ಕೇಳಲೇ ಇಲ್ಲ, ಆ ಹುಡುಗಿಯದನ್ನೂ ಕೇಳಲಿಲ್ಲ ಎಂದು ಆಗ ನೆನಪಾಯಿತು.